ಗೂಡಿನ ಲೊಕೇಶನ್ ಹಾಕಬೇಡಿ: ಕರಾವಳಿಯ ಪಕ್ಷಿ ವೀಕ್ಷಕರಿಗೆ ಒಂದು ಬಹಿರಂಗ ಪತ್ರ

ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಪಕ್ಷಿ ವೀಕ್ಷಕರ ಬಳಗಗಳ ಅಡ್ಮಿನ್‌ಗಳಿಗೆ, ಸದಸ್ಯರಿಗೆ ಮತ್ತು ಪಕ್ಷಿ ಛಾಯಾಗ್ರಾಹಕರಿಗೆ,

ಮಾನ್ಯರೇ,

ನಾನು ಉಡುಪಿ ತಾಲೂಕಿನ ಒಂದು ಪದವಿನ (ನಮ್ಮ ಕಡೆಯ ಕೆಂಪುಕಲ್ಲಿನ ಬಯಲು ಗುಡ್ಡ) ಬುಡದಲ್ಲಿ ಮನೆ ಮಾಡಿಕೊಂಡಿರುವ ನಿವೃತ್ತ ಶಿಕ್ಷಕಿ. ಹನ್ನೊಂದು ವರ್ಷಗಳಿಂದ ಬೆಳಿಗ್ಗೆ ಹಾಲು ಡೈರಿಗೆ ಹಾಕಿ ಬಂದವಳೇ ಬೈನಾಕ್ಯುಲರ್ ಕೊರಳಿಗೆ ಹಾಕಿಕೊಂಡು ಪದವು ಹತ್ತುತ್ತೇನೆ. ಹಕ್ಕಿಗಳ ಹೆಸರು ನನಗೆ ಕಲಿಸಿದವರು ನೀವು. ಒಂದು ಮಸುಕು ಫೋಟೋ ಹಾಕಿ ‘ಇದು ಯಾವುದು?’ ಎಂದು ಕೇಳಿದರೆ ರಾತ್ರಿ ಹನ್ನೊಂದಕ್ಕೂ ಉತ್ತರ ಬರುತ್ತಿತ್ತು. ಆ ಋಣ ನನ್ನ ಮೇಲಿದೆ, ಅದನ್ನು ಮರೆತು ಈ ಪತ್ರ ಬರೆಯುತ್ತಿಲ್ಲ. ಗೂಡಿನ ಜಾಗವನ್ನು ಹಂಚಬೇಡಿ ಎಂಬ ಮಾತನ್ನು ಬಳಗದಲ್ಲಿ ಎರಡು ಸಲ ಬರೆದೆ. ನಾಲ್ಕು ಜನ ಹೆಬ್ಬೆರಳೆತ್ತಿದರು. ಅಷ್ಟರಲ್ಲಿ ಯಾರದೋ ಸೂರಕ್ಕಿಯ ಚಿತ್ರ ಬಂತು, ನನ್ನ ಮಾತು ಮೇಲಕ್ಕೆ ಸರಿದು ಕಣ್ಮರೆಯಾಯಿತು. ಹಾಗಾಗಿ ಎಲ್ಲರೂ ಓದುವಂತೆ ಬರೆಯಬೇಕಾಯಿತು.

ಪದವಿನ ಹೆಸರು ಈ ಪತ್ರದಲ್ಲಿ ಎಲ್ಲಿಯೂ ಬರುವುದಿಲ್ಲ. ನಿಮ್ಮಲ್ಲಿ ಕೆಲವರಿಗೆ ಅದು ಯಾವುದೆಂದು ಗೊತ್ತಿದೆ. ಅವರೂ ದಯವಿಟ್ಟು ಹೇಳದೆ ಇರಲಿ.

ಮೇ ತಿಂಗಳು ಬಂತೆಂದರೆ ನಮ್ಮ ಬಳಗಗಳಿಗೆ ಎಂಥ ಜೀವ ಬರುತ್ತದೆ ಎಂಬುದು ನಿಮಗೇ ಗೊತ್ತು. ಚಳಿಗಾಲದ ಅತಿಥಿಗಳೆಲ್ಲ ಹೊರಟುಹೋಗಿ, ಇನ್ನೇನು ನೋಡಲಿಕ್ಕಿಲ್ಲ ಎನ್ನುವ ಹೊತ್ತಿಗೆ ಒಬ್ಬರು ‘ಚಾತಕ ಬಂತು’ ಎನ್ನುತ್ತಾರೆ. ಗುಡುಗು ಮಳೆ ಬಂದ ಮರುದಿನ ಮಲ್ಪೆಯಿಂದಲೋ ಪಣಂಬೂರಿನಿಂದಲೋ ಗಾಳಿಗೆ ಸಿಕ್ಕಿ ದಡಕ್ಕೆ ಬಂದ ಕಡಲ ರೀವ ಹಕ್ಕಿಯ ಚಿತ್ರ ಬರುತ್ತದೆ. ಮೇ ಎರಡನೇ ಶನಿವಾರದ ಆಸುಪಾಸು ಜಗತ್ತಿಡೀ ಒಂದೇ ದಿನ ಹಕ್ಕಿ ಎಣಿಸುವ ‘ಗ್ಲೋಬಲ್ ಬಿಗ್ ಡೇ’ ಇರುತ್ತದೆ. ಅದರ ಜೊತೆಗೇ ನಮ್ಮ ದೇಶದಲ್ಲಿ ಸ್ಥಳೀಯ ವಿಶಿಷ್ಟ ಪಕ್ಷಿಗಳ ದಿನವೂ ನಡೆಯುತ್ತದೆ. ಪಶ್ಚಿಮ ಭಾರತ ಬಿಟ್ಟರೆ ಬೇರೆಲ್ಲೂ ಕಾಣದ ಮಲಬಾರ್ ನೆಲಗುಬ್ಬಿ ನಮ್ಮ ಪದವಿನ ಮೇಲೆ ಹಾಡುತ್ತಾ ಮೇಲೇರುವುದನ್ನು ಆ ದಿನ ಪಟ್ಟಿಗೆ ಸೇರಿಸುವಾಗ ನನಗಾಗುವ ಹೆಮ್ಮೆ ಸಣ್ಣದಲ್ಲ. ಹಂಚಿಕೊಳ್ಳುವ ಆ ಸಂತೋಷವನ್ನು ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಪದವಿನ ಹಕ್ಕಿಗಳು ಮೊಟ್ಟೆ ಇಟ್ಟು ಕಾಯುವ ತಿಂಗಳೂ ಇದೇ. ನಮ್ಮ ಸಂಭ್ರಮ ಏರುವುದೂ ಅವುಗಳ ಕಷ್ಟ ಏರುವುದೂ ಒಟ್ಟೊಟ್ಟಿಗೆ.

ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಈ ಮೇ ಮೊದಲ ವಾರ, ಬೆಳಿಗ್ಗೆ ಏಳರ ಹೊತ್ತಿಗೆ, ಕುಂಟಲ ಹಣ್ಣು ಕೊಯ್ಯುತ್ತಾ ಹೋಗುತ್ತಿದ್ದೆ. ಸ್ವಲ್ಪ ದೂರದಲ್ಲಿ ಒಂದು ಹಳದಿ ಟಿಟ್ಟಿಭ ಸದ್ದಿಲ್ಲದೆ ನಡೆದು ಆಚೆ ಹೋಯಿತು. ಕೆಂಪು ಟಿಟ್ಟಿಭದ ಹಾಗೆ ಇದು ಊರೆಲ್ಲ ಕೇಳುವಂತೆ ಕೂಗಿ ತಲೆಯ ಮೇಲೆ ಎರಗುವ ಜಾತಿಯಲ್ಲ. ಎದ್ದು, ಏನೂ ಆಗದವರ ಹಾಗೆ ನಡೆದುಬಿಡುತ್ತದೆ. ನಾನು ಮುಂದಿನ ಹೆಜ್ಜೆ ಇಡುವವಳು ಕಾಲು ಹಿಂದಕ್ಕೆಳೆದೆ. ಗೂಡನ್ನು ನಾನು ಕಂಡೆ ಎನ್ನುವುದಕ್ಕಿಂತ ಮೆಟ್ಟುವುದು ತಪ್ಪಿತು ಎನ್ನಬೇಕು. ದನದ ಗೊರಸಿನ ಗುರುತಿನಷ್ಟೇ ತಗ್ಗು. ಸುತ್ತ ಕಡಲೆ ಗಾತ್ರದ ಮುರಕಲ್ಲಿನ ಹರಳುಗಳು, ಎರಡು ಒಣ ಮುಳಿಹುಲ್ಲಿನ ಕಡ್ಡಿ. ಅದರಲ್ಲಿ ನಾಲ್ಕು ಮೊಟ್ಟೆ, ಚೂಪು ತುದಿಗಳೆಲ್ಲ ಒಳಮುಖವಾಗಿ, ಒಂದಕ್ಕೊಂದು ಒತ್ತಿಕೊಂಡು. ಮಣ್ಣಿನ ಬಣ್ಣದ ಮೇಲೆ ಕಪ್ಪು ಚುಕ್ಕೆ. ಕಣ್ಣು ಒಮ್ಮೆ ತಪ್ಪಿದರೆ ಮತ್ತೆ ಹುಡುಕಬೇಕು.

ಮರುದಿನ ದೂರದಲ್ಲಿ ಒಂದು ಗೇರು ಮರದ ಅಡಿ ಕೂತು ನೋಡಿದೆ. ಹನ್ನೊಂದು ಗಂಟೆಯ ಬಿಸಿಲು. ಹಳೆಯ ಕೆಂಪುಕಲ್ಲಿನ ಕೋರೆಯ ಹೊಂಡದಲ್ಲಿ ಸ್ವಲ್ಪ ನೀರು ಉಳಿದಿತ್ತು. ಜೋಡಿಯಲ್ಲಿ ಒಂದು ಆ ನೀರಿನ ಅಂಚಿಗೆ ಹೋಗಿ, ಹೊಟ್ಟೆ ಮುಳುಗಿಸಿ, ಎದೆಯನ್ನು ಆಚೆ ಈಚೆ ಆಡಿಸಿ ಗರಿ ತೋಯಿಸಿಕೊಂಡಿತು. ಹಾಗೆಯೇ ಬಂದು ಮೊಟ್ಟೆಗಳ ಮೇಲೆ ರೆಕ್ಕೆ ಸಡಿಲ ಬಿಟ್ಟು ನಿಂತಿತು. ಹೊಟ್ಟೆಯಿಂದ ಒಂದು ಹನಿ ಬಿದ್ದದ್ದು ಬೈನಾಕ್ಯುಲರಿನಲ್ಲಿ ನನಗೆ ಕಂಡಿತು. ಕಾವು ಕೊಡುವುದೆಂದರೆ ಬಿಸಿ ಮಾಡುವುದು ಎಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದವಳು ನಾನು. ಮೇ ತಿಂಗಳ ಪದವಿನಲ್ಲಿ ಹಗಲು ಹೊತ್ತು ತಾಯಿ ತಂದೆ ಮಾಡುವ ಕೆಲಸ ತಂಪು ಮಾಡುವುದು. ಬರಿಗಾಲಲ್ಲಿ ನಿಲ್ಲಲಿಕ್ಕಾಗದ ಆ ಪಾದೆಯ (ಹಾಸುಬಂಡೆಯ) ಮೇಲೆ ಮೊಟ್ಟೆಯೊಳಗಿನ ಜೀವ ಉಳಿಯುವುದು ಆ ನೆರಳು ಮತ್ತು ಆ ಹನಿ ನೀರಿನಿಂದ.

ಅವತ್ತು ರಾತ್ರಿ ಖುಷಿ ತಡೆಯಲಾರದೆ ಬಳಗಕ್ಕೆ ಬರೆದೆ. ಮೊಟ್ಟೆಯ ಫೋಟೋ ಹಾಕಿದೆ. ‘ಲೊಕೇಶನ್ ಪ್ಲೀಸ್’ ಎಂದು ಇಬ್ಬರು ಕೇಳಿದರು. ಹಾಕಿದೆ. ಆ ತಪ್ಪು ನನ್ನದು, ಅದನ್ನು ಬೇರೆ ಯಾರ ಮೇಲೂ ಹಾಕುವುದಿಲ್ಲ. ಮ್ಯಾಪಿನಲ್ಲಿ ಜಾಗ ತೋರಿಸುವ ಆ ಪಿನ್ ಎಷ್ಟು ಬಳಗಗಳಿಗೆ ಹೋಯಿತೋ. ಭಾನುವಾರ ಬೆಳಿಗ್ಗೆ ಪದವಿನ ಮೇಲೆ ಹನ್ನೊಂದು ಕಾರು, ಆರೇಳು ಬೈಕು ನಿಂತಿದ್ದವು. ಮಂಗಳೂರಿನಿಂದ, ಕುಂದಾಪುರದಿಂದ ಬಂದವರೂ ಇದ್ದರು. ನಾನು ಹೋಗುವಾಗ ಏಳೂವರೆ. ಮೂವರು ನೆಲದ ಮೇಲೆ ಮಲಗಿ ಹತ್ತು ಹೆಜ್ಜೆ ದೂರದಿಂದ ಲೆನ್ಸ್ ಹಿಡಿದಿದ್ದರು. ಚಿತ್ರಕ್ಕೆ ಅಡ್ಡ ಬರುತ್ತದೆಂದು ಮುಳಿಹುಲ್ಲಿನ ಕಡ್ಡಿಗಳನ್ನು ಯಾರೋ ಕಿತ್ತಿದ್ದರು. ಮುಂದೆ ಬರುವವರಿಗೆ ಗೊತ್ತಾಗಲೆಂದು ಗೂಡಿನ ಪಕ್ಕ ಮೂರು ಕಲ್ಲು ಪೇರಿಸಿಟ್ಟಿದ್ದರು. ಯಾರೂ ಕೆಟ್ಟವರಲ್ಲ. ನನ್ನನ್ನು ಕಂಡು ‘ಟೀಚರೇ, ತುಂಬ ಥ್ಯಾಂಕ್ಸ್, ನನ್ನ ಲೈಫರ್ ಇದು’ (ಜೀವನದಲ್ಲೇ ಮೊದಲ ಸಲ ನೋಡಿದ ಹಕ್ಕಿ) ಎಂದವರಿದ್ದರು. ‘ಹಕ್ಕಿ ಆರಾಮಾಗಿ ಅಲ್ಲಿಯೇ ಓಡಾಡ್ತಿದೆ, ಅದಕ್ಕೆ ಎಂತ ತೊಂದರೆ ಇಲ್ಲ’ ಎಂದರು ಒಬ್ಬರು. ಹಕ್ಕಿ ಓಡಾಡುತ್ತಿತ್ತು ನಿಜ. ನಲವತ್ತು ಮಾರು ದೂರದಲ್ಲಿ, ಒಮ್ಮೆ ಮುಂದಕ್ಕೆ ಒಮ್ಮೆ ಹಿಂದಕ್ಕೆ. ಅದು ಆರಾಮವಲ್ಲ ಎಂದು ಹೇಳಿದೆ. ಕೆಲವರು ಎದ್ದರು, ಅವರ ಜಾಗಕ್ಕೆ ಆಗಷ್ಟೇ ಕಾರಿನಿಂದ ಇಳಿದವರು ಬಂದರು. ಕೊನೆಯ ಕಾರು ಹೋಗುವಾಗ ಹನ್ನೊಂದೂ ಕಾಲು. ನಾಲ್ಕು ತಾಸು ಆ ಮೊಟ್ಟೆಗಳ ಮೇಲೆ ನೆರಳು ಬೀಳಲಿಲ್ಲ.

ಸೋಮವಾರವೂ ಇಬ್ಬರು ಬಂದಿದ್ದರು. ಮಂಗಳವಾರ ನಾನು ಹೋಗುವಾಗ ಗೂಡಿನ ಮೇಲೆ ಬೈಕಿನ ಚಕ್ರದ ಗುರುತಿತ್ತು, ಒಂದು ಮೊಟ್ಟೆ ಮಣ್ಣಿಗೆ ಅಂಟಿ ಒಣಗಿತ್ತು, ಉಳಿದ ಮೂರು ಇರಲಿಲ್ಲ. ಕಾಗೆಯೋ ಮುಂಗುಸಿಯೋ ಒಯ್ದಿರಬೇಕು. ಪೇರಿಸಿಟ್ಟ ಮೂರು ಕಲ್ಲು ಮಾತ್ರ ಹಾಗೆಯೇ ಇದ್ದವು.

ಅಲ್ಲಿ ದನ ಕಟ್ಟಲು ಬರುವ ಒಬ್ಬ ಅಕ್ಕ ಇದ್ದಾರೆ. ಅವತ್ತು ನನ್ನನ್ನು ನೋಡಿ ಅವರು ಹೇಳಿದ ಮಾತು ಇದು: ‘ಆ ಮೊಟ್ಟೆ ನಾನು ನಿಮಗಿಂತ ಮೊದಲೇ ನೋಡಿದ್ದೆ ಟೀಚರೇ. ದನ ಮೆಟ್ಟುತ್ತದೆ ಅಂತ ಗೂಟ ಕಿತ್ತು ಆಚೆ ಬದಿ ಹಾಕಿದೆ. ನಿಮ್ಮ ಜನ ಬಂದ ಮೇಲೆ ಹಕ್ಕಿ ಕೂತದ್ದೇ ಇಲ್ಲ ಮಾರಾಯ್ರೆ.’ ಆಮೇಲೆ ನೋಡಿದೆ. ಹಳೆಯ ಗೂಟದ ಗುಳಿ ಗೂಡಿನಿಂದ ಎರಡೇ ಮಾರು ದೂರ, ಹೊಸ ಗೂಟ ಇಪ್ಪತ್ತು ಮಾರು ಆಚೆ. ಅವರು ಯಾವ ಬಳಗದಲ್ಲೂ ಇಲ್ಲ. ಆ ಹಕ್ಕಿಯ ಹೆಸರೂ ಅವರಿಗೆ ಬೇಕಾಗಿರಲಿಲ್ಲ.

‘ನಿಮ್ಮ ಜನ’ ಎಂದರಲ್ಲ, ಆ ಮಾತು ಅವತ್ತಿನಿಂದ ನನ್ನನ್ನು ಬಿಟ್ಟಿಲ್ಲ.

ಇದು ಒಂದು ಪದವಿನ, ಒಂದು ಜೋಡಿಯ ಕತೆಯಾಗಿದ್ದರೆ ನಾನು ಸುಮ್ಮನಾಗುತ್ತಿದ್ದೆ. ಘಟ್ಟದ ಬುಡದ ಕಾಡುಗಳಲ್ಲಿ ಕಪ್ಪೆಬಾಯಿ ಹಕ್ಕಿ ಇಡುವುದು ಒಂದೇ ಒಂದು ಮೊಟ್ಟೆ, ಹಗಲಿಡೀ ಅದರ ಮೇಲೆ ಕೂರುವುದು ಗಂಡು. ಅದು ಅಲುಗಾಡದೆ ಕೂತಿರುತ್ತದೆ ಎಂದೇ ಅದರ ಮುಂದೆ ಸರದಿ ಸಾಲು. ಕೂತಲ್ಲೇ ಕೂತಿದೆ ಎಂದರೆ ಹೆದರಿಲ್ಲ ಎಂದು ಅರ್ಥವಲ್ಲ, ಅಲುಗಾಡದಿರುವುದೇ ಅದಕ್ಕೆ ಗೊತ್ತಿರುವ ರಕ್ಷಣೆ. ಮಂಗಟ್ಟೆಯ ಹೆಣ್ಣು ಮರದ ಪೊಟರೆಯೊಳಗೆ ಬಾಗಿಲು ಮುಚ್ಚಿಕೊಂಡು ಕೂತಿರುತ್ತದೆ. ಗಂಡು ತಂದ ಹಣ್ಣೇ ಅದಕ್ಕೂ ಮರಿಗೂ ಅನ್ನ. ಮರದ ಕೆಳಗೆ ನಾವು ನಿಂತರೆ ಗಂಡು ಆಚೆ ಮರದಲ್ಲಿ ಕೊಕ್ಕಲ್ಲಿ ಹಣ್ಣು ಹಿಡಿದು ಕಾಯುತ್ತದೆ, ಒಳಗಿನವರು ಹಸಿದಿರುತ್ತಾರೆ. ಇನ್ನು ಮಳೆ ಹಿಡಿದರೆ ಮೂರು ಬೆರಳಿನ ಮಿಂಚುಳ್ಳಿಯ ಸರದಿ. ತೋಡಿನ ದರೆಯಲ್ಲಿ ಅದು ಬಿಲ ಕೊರೆಯುವುದಕ್ಕೇ ಕಾಯುವವರಿದ್ದಾರೆ. ಬ್ಲೂಟೂತ್ ಸ್ಪೀಕರಿನಲ್ಲಿ ಕೂಗು ಹಾಕಿ ಹಕ್ಕಿಯನ್ನು ಎದುರಿಗೆ ಕರೆಸುವವರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಗೂಡು ಕಟ್ಟುವ ಕಾಲದಲ್ಲಿ ಅದು ತಪ್ಪೆಂದು ಅವರಿಗೂ ಗೊತ್ತು.

ನೀವು ಕೇಳಬಹುದಾದ ಪ್ರಶ್ನೆಗಳನ್ನು ನಾನೇ ನನ್ನಲ್ಲಿ ಕೇಳಿಕೊಂಡಿದ್ದೇನೆ. ಹೇಳದಿದ್ದರೆ ದಾಖಲೆ ಆಗುವುದು ಹೇಗೆ? ನಿಜ, ನಮ್ಮಂಥವರ ಪಟ್ಟಿಗಳಿಂದಲೇ ದೊಡ್ಡ ಕೆಲಸ ಆಗಿದೆ. 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ 942 ಜಾತಿಗಳ ಸ್ಥಿತಿಯನ್ನು ಅಳೆದದ್ದು ಸುಮಾರು 30,000 ವೀಕ್ಷಕರು ಇ-ಬರ್ಡ್ ಎಂಬ ಹಕ್ಕಿ ದಾಖಲೆಯ ಜಾಲತಾಣಕ್ಕೆ ಹಾಕಿದ ಪಟ್ಟಿಗಳ ಬಲದಿಂದ. ಅದರಲ್ಲಿ 178 ಜಾತಿಗಳಿಗೆ ತುರ್ತು ಗಮನ ಬೇಕೆಂದು ಗೊತ್ತಾದದ್ದೂ ಹಾಗೆಯೇ. ಆದರೆ ಆ ಲೆಕ್ಕಕ್ಕೆ ಗೂಡಿನ ಪಿನ್ ಬೇಕಿಲ್ಲ. ಒಂದು ತಿಂಗಳು ತಡವಾಗಿ ಹಾಕಿದ ಪಟ್ಟಿಯೂ ಇ-ಬರ್ಡ್‌ನಲ್ಲಿ ಅಷ್ಟೇ ಬೆಲೆಯದು. ಜಾಗವನ್ನು ಗ್ರಾಮದ ಮಟ್ಟಕ್ಕೆ ಇಟ್ಟು ಬರೆಯಬಹುದು. ಅಪಾಯದಲ್ಲಿರುವ ಕೆಲವು ಜಾತಿಗಳ ಜಾಗವನ್ನು ಇ-ಬರ್ಡ್ ತಾನಾಗಿಯೇ ಮುಚ್ಚಿಡುತ್ತದೆ. ವಿಜ್ಞಾನಕ್ಕೆ ಅವಸರ ಇಲ್ಲ. ಅವಸರ ನಮ್ಮದು.

ಎರಡನೆಯ ಪ್ರಶ್ನೆ ನಿಜಕ್ಕೂ ಕಷ್ಟದ್ದು. ಪದವುಗಳು ಕಾಗದದ ಮೇಲೆ ಬರೀ ಪಾಳು ಭೂಮಿ. ಅಲ್ಲಿ ಏನೂ ಇಲ್ಲ ಎನ್ನುವ ಧೈರ್ಯದಿಂದಲೇ ಕಟ್ಟಡದ ಮಣ್ಣು ತಂದು ಸುರಿಯುತ್ತಾರೆ, ಕೋರೆ ತೆಗೆಯುತ್ತಾರೆ. ಇಲ್ಲಿ ಹಕ್ಕಿ ಮೊಟ್ಟೆ ಇಡುತ್ತದೆ ಎಂದು ಯಾರೂ ಹೇಳದಿದ್ದರೆ ನಾಳೆ ಜೆಸಿಬಿ ಬಂದಾಗ ಯಾರಿಗೆ ಏನು ತೋರಿಸುವುದು? ಈ ಪ್ರಶ್ನೆಯನ್ನು ಬಳಗದ ಹಿರಿಯರೊಬ್ಬರು ನನ್ನಲ್ಲಿ ಕೇಳಿದಾಗ ತಕ್ಷಣ ಉತ್ತರ ಬರಲಿಲ್ಲ. ಈಗ ಅನಿಸುವುದು ಹೀಗೆ: ಹೇಳಬೇಕು, ಯಾರಿಗೆ ಹೇಳಿದರೆ ಪ್ರಯೋಜನವೋ ಅವರಿಗೆ. ಗ್ರಾಮ ಪಂಚಾಯತಿನ ಪಿಡಿಒಗೆ, ಅರಣ್ಯ ಇಲಾಖೆಯ ಬೀಟ್ ಗಾರ್ಡಿಗೆ, ಜಾಗದ ಮಾಲೀಕರಿಗೆ, ದನ ಕಟ್ಟುವ ಅಕ್ಕನಿಗೆ. ಫೋಟೋ, ದಿನಾಂಕ, ಜಾಗ ಎಲ್ಲ ಬರೆದು ಒಬ್ಬರು ಜೋಪಾನವಾಗಿ ಇಟ್ಟುಕೊಂಡರೆ ಬೇಕಾದಾಗ ಅದೇ ಸಾಕ್ಷಿ. ಮುಖ ನೋಡದ ಮುನ್ನೂರು ಜನರ ಫೋನಿಗೆ ಹೋದ ಪಿನ್ ಯಾವ ಪದವಿನ ನೆಲವನ್ನೂ ಇದುವರೆಗೆ ಉಳಿಸಿದ್ದು ನಾನು ಕಂಡಿಲ್ಲ.

ನಮ್ಮ ಕರಾವಳಿಗೆ ಈ ಸಂಯಮ ಹೊಸತೂ ಅಲ್ಲ. ಇನ್ನು ಕೆಲವೇ ದಿನದಲ್ಲಿ, ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ಮೀನುಗಾರಿಕೆ ನಿಲ್ಲುತ್ತದೆ. ಮಲ್ಪೆ ಬಂದರಿನಲ್ಲಿ, ಮಂಗಳೂರಿನ ದಕ್ಕೆಯಲ್ಲಿ ಬೋಟುಗಳನ್ನು ಒಂದಕ್ಕೊಂದು ತಾಗಿಸಿ ಕಟ್ಟಿಹಾಕುತ್ತಾರೆ. ಮೀನು ಮರಿ ಮಾಡುವ ಕಾಲ ಅದು, ಕಡಲೂ ಒರಟು. ಎರಡು ತಿಂಗಳ ಸಂಪಾದನೆ ಬಿಟ್ಟು ಕೂರುವವರು ದುಡಿದು ತಿನ್ನುವ ಜನ, ಸಾಲದ ಕಂತು ಇರುವವರು. ಹಕ್ಕಿ ನೋಡುವುದು ನಮ್ಮಲ್ಲಿ ಯಾರ ಹೊಟ್ಟೆಪಾಡೂ ಅಲ್ಲ. ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಪತ್ತನಾಜೆಯ ದಿನ ಕಳೆದರೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳೂ ನಿಲ್ಲುತ್ತವೆ. ಎಲ್ಲದಕ್ಕೂ ಒಂದು ವಿರಾಮ ಇಟ್ಟುಕೊಂಡ ಊರು ನಮ್ಮದು. ಗೂಡಿನ ಸುದ್ದಿಗೆ ಒಂದು ವಿರಾಮ ಇಡುವುದು ನಮಗೆ ಕಷ್ಟವಾಗಬಾರದು.

ಆದ್ದರಿಂದ ನನ್ನ ಬೇಡಿಕೆಗಳನ್ನು ಸ್ಪಷ್ಟವಾಗಿ ಮುಂದಿಡುತ್ತೇನೆ. ಗೂಡು, ಮೊಟ್ಟೆ, ಹಾರಲು ಬಾರದ ಮರಿ ಇವುಗಳ ಚಿತ್ರವನ್ನು ಯಾವ ಬಳಗದಲ್ಲೂ ಹಾಕುವುದು ಬೇಡ. ಹಾಕಿದರೆ ಅಡ್ಮಿನ್‌ಗಳು ಕೂಡಲೇ ತೆಗೆಯಲಿ, ಹಾಕಿದವರಿಗೆ ಫೋನ್ ಮಾಡಿ ಯಾಕೆಂದು ಸಮಾಧಾನದಿಂದ ತಿಳಿಸಲಿ. ಹಲವು ಛಾಯಾಚಿತ್ರ ಸ್ಪರ್ಧೆಗಳು ಗೂಡಿನ ಚಿತ್ರವನ್ನು ಒಪ್ಪುವುದೇ ಇಲ್ಲ, ನಾವೂ ಒಪ್ಪದಿರುವುದರಲ್ಲಿ ನಷ್ಟ ಏನಿಲ್ಲ. ಏಪ್ರಿಲ್‌ನಿಂದ ಮಳೆಗಾಲ ಮುಗಿಯುವವರೆಗೆ ಗೂಡು ಕಟ್ಟುವ ಹಕ್ಕಿಗಳ ಸುದ್ದಿಗೆ ತಾಲೂಕಿನ ಹೆಸರಿಗಿಂತ ಹೆಚ್ಚಿನ ವಿಳಾಸ ಬೇಡ. ‘ಲೊಕೇಶನ್ ಪ್ಲೀಸ್’ ಎಂದು ಕೇಳುವುದನ್ನೇ ಬಿಡೋಣ. ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ‘ಇಲ್ಲ’ ಎನ್ನುವುದು ಸುಲಭವಲ್ಲ, ಹಿರಿಯರು ಕೇಳುವಾಗ ಇನ್ನೂ ಕಷ್ಟ. ದಡಕ್ಕೆ ಬಂದ ಕಡಲ ಹಕ್ಕಿಯ ಸುದ್ದಿಯನ್ನು ಧಾರಾಳವಾಗಿ ಹೇಳಿ, ಆದರೆ ದಣಿದು ಮರಳಲ್ಲಿ ಕೂತ ಹಕ್ಕಿಯ ಸುತ್ತ ಗುಂಪು ಕಟ್ಟಬೇಡಿ. ನಾಯಿ ಬಾರದಂತೆ ಒಬ್ಬರು ದೂರದಲ್ಲಿ ನಿಂತರೆ ಅದೇ ದೊಡ್ಡ ಉಪಕಾರ. ಪದವಿನ ಮೇಲೆ ಮಾರ್ಚ್‌ನಿಂದ ಜೂನ್‌ವರೆಗೆ ವಾಹನ ಹತ್ತಿಸಬೇಡಿ, ಕೆಳಗೆ ರಸ್ತೆ ಬದಿ ನಿಲ್ಲಿಸಿ ನಡೆದು ಬನ್ನಿ. ಚಕ್ರಕ್ಕೆ ಮೊಟ್ಟೆ ಕಾಣುವುದಿಲ್ಲ.

ಅರಣ್ಯ ಇಲಾಖೆಯವರು ಇದನ್ನು ಓದಿದರೆ ಅವರಲ್ಲಿ ಒಂದೇ ವಿನಂತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ‘ಬೇಟೆ’ಗೆ ಕೊಟ್ಟ ಅರ್ಥದೊಳಗೆ ಕಾಡುಹಕ್ಕಿಯ ಮೊಟ್ಟೆಗೆ ಹಾನಿ ಮಾಡುವುದು ಮಾತ್ರವಲ್ಲ, ಮೊಟ್ಟೆಗೂ ಗೂಡಿಗೂ ತೊಂದರೆ ಕೊಡುವುದೂ ಸೇರಿದೆ. ನಮ್ಮಲ್ಲಿ ಹೆಚ್ಚಿನವರಿಗೆ ಇದು ಗೊತ್ತಿಲ್ಲ. ಯಾರ ಮೇಲೂ ಕೇಸು ಹಾಕಿ ಎಂದು ನಾನು ಕೇಳುತ್ತಿಲ್ಲ. ಪ್ರತಿ ವರ್ಷ ಮಾರ್ಚ್‌ನಲ್ಲಿ ಎರಡೂ ಜಿಲ್ಲೆಯ ಬಳಗಗಳನ್ನು ಕರೆದು ಕೂರಿಸಿ ಈ ಮಾತನ್ನು ಕನ್ನಡದಲ್ಲಿ, ಸರಳವಾಗಿ ಹೇಳಿ. ಪಂಚಾಯತುಗಳಿಗೂ ಒಂದು ಪತ್ರ ಹೋಗಲಿ.

ಕೊನೆಗೆ ಒಂದು ಸುದ್ದಿ. ಆ ಜೋಡಿ ಪದವು ಬಿಟ್ಟು ಹೋಗಿಲ್ಲ. ಪತ್ತನಾಜೆಯ ಹಿಂದಿನ ದಿನ ಅದೇ ಅಕ್ಕ ದನದ ಹಗ್ಗ ಕೈಯಲ್ಲಿ ಹಿಡಿದುಕೊಂಡೇ ನಮ್ಮ ಅಂಗಳಕ್ಕೆ ಬಂದು ‘ಇನ್ನೊಮ್ಮೆ ಇಟ್ಟಿದೆ’ ಎಂದರು. ಮೂರು ಮೊಟ್ಟೆಯಂತೆ. ನಾನು ನೋಡಲು ಹೋಗಲಿಲ್ಲ. ಮರಿ ಒಡೆಯಲು ಸುಮಾರು ನಾಲ್ಕು ವಾರ ಬೇಕು. ಲೆಕ್ಕ ಹಾಕಿದರೆ ಜೂನ್ ಮೂರನೇ ವಾರ. ಮಳೆ ಸರಿಯಾಗಿ ಹಿಡಿಯುವುದು ಜೂನ್ ಮೊದಲ ವಾರ, ಆಮೇಲೆ ಪಾದೆಯ ತಗ್ಗುಗಳಲ್ಲೆಲ್ಲ ನೀರು ನಿಲ್ಲುತ್ತದೆ. ಮೊದಲಿನ ನಾಲ್ಕು ಮೊಟ್ಟೆ ಉಳಿದಿದ್ದರೆ ಮಳೆ ಬರುವ ಮೊದಲೇ ಮರಿಗಳು ಕಾಲೂರಿ ಓಡುತ್ತಿದ್ದವು. ಈಗ ಅವು ಮಳೆಯ ಎದುರು ಓಟಕ್ಕೆ ನಿಂತಿವೆ. ಮಳೆಯನ್ನು ತಡೆಯುವುದು ನಮ್ಮ ಕೈಲಿಲ್ಲ. ಜೂನ್ ಮುಗಿಯುವವರೆಗೆ ಆ ಪದವಿಗೆ ಬರಬೇಡಿ. ನನ್ನ ಹಳೆಯ ಪಿನ್ ನಿಮ್ಮ ಫೋನಿನಲ್ಲಿದ್ದರೆ ಇವತ್ತೇ ಅಳಿಸಿ, ಯಾರಿಗೆ ಕಳಿಸಿದ್ದೀರೋ ಅವರಿಗೂ ಅಳಿಸಲು ಹೇಳಿ. ಮರಿ ಆದರೂ ಆಗದಿದ್ದರೂ ಆಗಸ್ಟ್‌ನಲ್ಲಿ ನಾನೇ ಬಳಗಕ್ಕೆ ಬರೆದು ತಿಳಿಸುತ್ತೇನೆ.

ಅಡ್ಮಿನ್‌ಗಳ ಉತ್ತರಕ್ಕೆ ಕಾದಿರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕಿ
ಉಡುಪಿ ತಾಲೂಕು